ತರಗತಿಯ ಶಿಸ್ತು ಮತ್ತು ಒಬ್ಬ ಸಲಿಂಗಿ ವಿದ್ಯಾರ್ಥಿ: ನನ್ನ ಅನುಭವ

ಗದಗ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ತಾನು ಸಲಿಂಗಿ ಎಂಬುದನ್ನು ಮುಚ್ಚಿಡಲು ಒಪ್ಪದ ಹುಡುಗನೊಬ್ಬ ಪಿಯುಸಿಯ ಎರಡೂ ವರ್ಷ ನನ್ನ ತರಗತಿಯಲ್ಲಿದ್ದ. ಅವನು ಅವನಾಗಿಯೇ ಇರಲು ಜಾಗ ಕೊಟ್ಟು, ಅದೇ ಹೊತ್ತಿಗೆ ತರಗತಿಯಲ್ಲಿ ಎಲ್ಲರ ಮರ್ಯಾದೆಯೂ ಉಳಿಯುವಂತೆ ಹೇಗೆ ನಡೆದುಕೊಂಡೆ ಎಂಬುದನ್ನು, ಇಂಥದೇ ಸನ್ನಿವೇಶ ಎದುರಾಗುವ ಶಿಕ್ಷಕರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಅವನು ಓದು ಮುಗಿಸಿ ಬೇರೆ ಊರು ಸೇರಿದ ಮೇಲೆ ಅವನನ್ನು ಕೇಳಿಯೇ ಬರೆದಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಕೈಬಿಟ್ಟಿದ್ದೇನೆ.

ಪ್ರತಿ ಸಂದರ್ಭದಲ್ಲೂ ನಾನು ನನಗೇ ಹಾಕಿಕೊಂಡ ಪ್ರಶ್ನೆ ಒಂದೇ. ಇವನು ಮಾಡಿದ್ದನ್ನೇ ಬೇರೊಬ್ಬ ಹುಡುಗ ಒಬ್ಬ ಹುಡುಗಿಯ ವಿಷಯದಲ್ಲಿ ಮಾಡಿದ್ದರೆ ನಾನು ಏನು ಮಾಡುತ್ತಿದ್ದೆ? ಅಲ್ಲಿ ತಡೆಯುವಂಥದ್ದಾದರೆ ಇಲ್ಲೂ ತಡೆಯಬೇಕು, ಅಲ್ಲಿ ಸುಮ್ಮನಿರುವಂಥದ್ದಾದರೆ ಇಲ್ಲೂ ಸುಮ್ಮನಿರಬೇಕು.

ಮೊದಲು ಬಂದದ್ದು ಬ್ಯಾಡ್ಜಿನ ವಿಷಯ. ಸಮವಸ್ತ್ರದ ಅಂಗಿಯ ಜೇಬಿನ ಮೇಲೆ ಅವನು ಕಾಮನಬಿಲ್ಲಿನ ಬಣ್ಣಗಳ ಒಂದು ಸಣ್ಣ ಬ್ಯಾಡ್ಜ್ ಹಾಕಿಕೊಂಡು ಬಂದ. ತೆಗೆಸಬೇಕೆಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ನಾನು ಅದಕ್ಕೂ ಮುಂಚೆ ಇಡೀ ತರಗತಿಯ ಅಂಗಿ, ಕೈ, ಚೀಲಗಳನ್ನು ಒಮ್ಮೆ ಗಮನಿಸಿದೆ. ನಟರ ಚಿತ್ರವಿದ್ದ ಬಿಲ್ಲೆಗಳು, ಕ್ರಿಕೆಟ್ ತಂಡದ ಬ್ಯಾಂಡುಗಳು, ರಾಜ್ಯೋತ್ಸವದಂದು ಚುಚ್ಚಿಕೊಂಡು ಹಾಗೆಯೇ ಉಳಿದಿದ್ದ ಹಳದಿ–ಕೆಂಪು ರಿಬ್ಬನ್ನುಗಳು, ಎಲ್ಲವೂ ಅಲ್ಲಿದ್ದವು. ಇಷ್ಟನ್ನೂ ಬಿಟ್ಟು ಅವನೊಬ್ಬನ ಬ್ಯಾಡ್ಜನ್ನು ಮಾತ್ರ ತೆಗೆಸಿದರೆ ಅದು ಶಿಸ್ತು ಎನಿಸಿಕೊಳ್ಳುವುದಿಲ್ಲ. ಹೀಗಾಗಿ ಸಮವಸ್ತ್ರದ ಮೇಲೆ ಕಾಲೇಜಿನ ಗುರುತಿನ ಚೀಟಿಯ ಹೊರತು ಯಾರಿಗೂ ಏನೂ ಬೇಡ, ಚೀಲ ಮತ್ತು ನೋಟ್‌ಬುಕ್ಕು ಅವರವರ ಇಷ್ಟ ಎಂದು ಎಲ್ಲರಿಗೂ ಹೇಳಿದೆ. ಮರುದಿನ ಅವನ ಬ್ಯಾಡ್ಜು ಚೀಲದ ಪಟ್ಟಿಯ ಮೇಲಿತ್ತು, ನಟರ ಬಿಲ್ಲೆಗಳೂ ಚೀಲಕ್ಕೆ ಇಳಿದಿದ್ದವು. ಅಲ್ಲಿಗೆ ಅದು ಮುಗಿಯಿತು.

ಎರಡನೆಯದು ಇಷ್ಟು ಸರಳವಾಗಿರಲಿಲ್ಲ. ಒಂದು ದಿನ ಹಾಜರಿ ಕರೆಯುತ್ತಿದ್ದಾಗ ಅವನು ಮುಂದಿನ ಬೆಂಚಿನ ಹುಡುಗನಿಗೆ ಎಲ್ಲರಿಗೂ ಕೇಳುವಂತೆ, "ಇವತ್ತ ಭಾಳ ಚಂದ ಕಾಣಾಕತ್ತಿ ನೋಡು" ಎಂದ. ತರಗತಿ ನಕ್ಕಿತು. ಆ ಮುಂದಿನ ಹುಡುಗ ಮಾತ್ರ ಕಿವಿ ಕೆಂಪಾಗಿ, ತಲೆ ತಗ್ಗಿಸಿ, ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತ ಕುಳಿತ. ನಾನು ಅಲ್ಲಿ ಏನೂ ಅನ್ನದೆ, ಪಾಠ ಮುಗಿದ ಮೇಲೆ ಅವನನ್ನು ವರಾಂಡದ ತುದಿಗೆ ಕರೆದುಕೊಂಡು ಹೋಗಿ, ಇದೇ ಮಾತನ್ನು ಒಬ್ಬ ಹುಡುಗ ಒಬ್ಬ ಹುಡುಗಿಗೆ ತರಗತಿಯಲ್ಲಿ ಅಂದಿದ್ದರೆ ನಾನು ಬಿಡುತ್ತಿದ್ದೆನೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಅವ್ರು ನನಗ ದಿನಾ ಏನೇನೋ ಅಂತಾರ. ನಾ ಒಂದ್ ಮಾತ ಅಂದ್ರ ಅದಷ್ಟ ನಿಮಗ ಕೇಳಸ್ತೈತೇನ್ರಿ?" ಎಂದ.

ಆ ಪ್ರಶ್ನೆ ನ್ಯಾಯವಾದದ್ದಾಗಿತ್ತು. ತನಗೆ ಮರ್ಯಾದೆ ಸಿಗದ ಜಾಗದಲ್ಲಿ ಮರ್ಯಾದೆಯಿಂದಿರು ಎಂದು ಹದಿನಾರು ವರ್ಷದ ಹುಡುಗನಿಗೆ ಹೇಳುವ ಅಧಿಕಾರ ಯಾವ ಶಿಕ್ಷಕನಿಗೂ ಇಲ್ಲ. "ಎರಡೂ ಕೇಳಸ್ತಾವಪ್ಪ. ಅವರ ಮಾತು ನಾ ನಿಲ್ಲಸ್ತೀನಿ, ನಿನ್ನ ಮಾತು ನೀ ನಿಲ್ಲಸು" ಎಂದೆ. ಒಪ್ಪಿದ. ನಾನು ಕೊಟ್ಟ ಮಾತನ್ನು ಮೊದಲು ನಡೆಸಿಕೊಡಬೇಕಾದದ್ದು ನನ್ನ ಪಾಲಿನ ಕೆಲಸವಾಗಿತ್ತು.

ನಮ್ಮ ಭಾಗದ ಹುಡುಗರು ಇಂಥವರನ್ನು ಕಾಡಿಸಲು 'ಜೋಗಪ್ಪ' ಎನ್ನುತ್ತಾರೆ. ಸವದತ್ತಿ ಯಲ್ಲಮ್ಮನ ಗುಡ್ಡ ದೂರವೇನಿಲ್ಲ, ಆ ದೇವಿಗೆ ಮುಡಿಪಾಗಿ ಹೆಣ್ಣಿನ ಉಡುಪಿನಲ್ಲಿ ಬದುಕುವ ಜೋಗಪ್ಪಂದಿರನ್ನು ಎಲ್ಲರೂ ಕಂಡವರೇ. ಮುಂದಿನ ಸಲ ಆ ಮಾತು ಹಿಂದಿನ ಬೆಂಚಿನಿಂದ ಬಂದಾಗ ಸೀಮೆಸುಣ್ಣ ಕೆಳಗಿಟ್ಟು ಪಾಠ ನಿಲ್ಲಿಸಿದೆ. ಯಾರಿಗೆ ಅಂದದ್ದು ಎಂದು ಕೇಳಲಿಲ್ಲ, ಏಕೆಂದರೆ ಕೇಳಿದರೆ ಎಲ್ಲರ ಕಣ್ಣೂ ಅವನ ಕಡೆಗೇ ಹೊರಳುತ್ತಿದ್ದವು. ಜೋಗಪ್ಪಂದಿರು ದೇವಿಯ ಹೆಸರಿನಲ್ಲಿ ಬದುಕುವವರು, ಅವರ ಹೆಸರು ಬೈಗುಳವಾಗಬಾರದು, ಆ ಪರಂಪರೆಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಿದೆ, ನನ್ನ ತರಗತಿಯಲ್ಲಿ ಯಾರ ನಡಿಗೆ, ದನಿ, ಜಾತಿಯ ಮೇಲೂ ಮಾತು ನಡೆಯುವುದಿಲ್ಲ ಎಂದಷ್ಟೇ ಹೇಳಿ ಪಾಠ ಮುಂದುವರಿಸಿದೆ. ಒಂದೇ ಸಲಕ್ಕೆ ನಿಲ್ಲಲಿಲ್ಲ. ಪ್ರತಿ ಸಲವೂ ಅಷ್ಟೇ ಚಿಕ್ಕದಾಗಿ, ಅಷ್ಟೇ ಗಟ್ಟಿಯಾಗಿ ಹೇಳಿದೆ. ಪದೇ ಪದೇ ಅನ್ನುತ್ತಿದ್ದವರನ್ನು ಬೇರೆಯಾಗಿ ಕರೆದು ಮಾತಾಡಿದೆ. ಅವರನ್ನೂ ಎಲ್ಲರೆದುರು ಅವಮಾನಿಸಲಿಲ್ಲ.

ಮೂಲಭೂತ ಹಕ್ಕುಗಳ ಪಾಠ ನನಗೆ ದೊಡ್ಡ ಅನುಕೂಲವಾಯಿತು. ಸಂವಿಧಾನದ 14, 15, 19 ಮತ್ತು 21ನೇ ವಿಧಿಗಳನ್ನು ಕಲಿಸುವಾಗ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನ ಇತಿಹಾಸವನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ವಯಸ್ಕರ ನಡುವೆ ಅದು ಅಪರಾಧವಲ್ಲ ಎಂದು 2009ರಲ್ಲಿ ದೆಹಲಿ ಹೈಕೋರ್ಟು ಕೊಟ್ಟ ತೀರ್ಪನ್ನು 2013ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿದ್ದು, 2018ರ ಸೆಪ್ಟೆಂಬರ್ 6ರಂದು ಐವರ ಸಂವಿಧಾನ ಪೀಠವು ಅದನ್ನೂ ತಿದ್ದಿ, ಪರಸ್ಪರ ಒಪ್ಪಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದದ್ದು, ನ್ಯಾಯಾಲಯವು ತನ್ನ ಮಾತನ್ನು ತಾನೇ ಪರಿಶೀಲಿಸಿಕೊಳ್ಳುವ ಬಗೆಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಆ ತೀರ್ಪು ವಯಸ್ಕರ ಕುರಿತಾದದ್ದು, 18 ತುಂಬದ ಎಲ್ಲರಿಗೂ, ಗಂಡಾಗಲಿ ಹೆಣ್ಣಾಗಲಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ ಎಂಬುದನ್ನೂ ಸ್ಪಷ್ಟವಾಗಿ ಹೇಳಿದೆ. ಪಾಠದುದ್ದಕ್ಕೂ ಅವನ ಬೆಂಚಿನ ಕಡೆ ಕಣ್ಣು ಹಾಯಿಸದಂತೆ ಎಚ್ಚರ ವಹಿಸಿದೆ. ಅವನನ್ನು ಉದಾಹರಣೆಯಾಗಿ ನಿಲ್ಲಿಸಿ ಪಾಠ ಮಾಡುವುದು ಒಳ್ಳೆಯ ಉದ್ದೇಶದಿಂದ ಮಾಡಿದರೂ ಕ್ರೌರ್ಯವೇ.

ಚರ್ಚೆಗೆ ವಿಷಯ ಆರಿಸುವಾಗ ಸಲಿಂಗಿಗಳಾಗಿರುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ನಾನು ಇಡಲಿಲ್ಲ. ಎದುರಿಗೆ ಕುಳಿತ ಒಬ್ಬ ಹುಡುಗನ ಇರುವಿಕೆಯನ್ನು ಮತಕ್ಕೆ ಹಾಕುವ ಹಕ್ಕು ಯಾರಿಗೂ ಇಲ್ಲ. ಬದಲಿಗೆ, ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡುವುದು ಶಾಸಕಾಂಗದ ಕೆಲಸ ಎಂದು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಹೇಳಿದ್ದನ್ನು ಇಟ್ಟುಕೊಂಡು, ಇಂಥದ್ದನ್ನು ನ್ಯಾಯಾಲಯ ನಿರ್ಧರಿಸಬೇಕೋ ಸಂಸತ್ತು ನಿರ್ಧರಿಸಬೇಕೋ ಎಂದು ಕೇಳಿದೆ. ಮನೆಯ ಸಂಸ್ಕಾರ, ಧರ್ಮ ಎಂದು ವಿರೋಧಿಸಿ ಮಾತಾಡಿದವರೂ ಇದ್ದರು. ಅವರಿಗೆ ತೀರ್ಪಿನ ಬಗ್ಗೆ ಮಾತಾಡಿ, ಸಹಪಾಠಿಯ ಬಗ್ಗೆ ಬೇಡ ಎಂದೆ. ಅವನು ನಡುವೆ ಎದ್ದು ಕೂಗಾಡತೊಡಗಿದಾಗ ಅವನನ್ನೂ ಕೂರಿಸಿ, ಸರದಿ ಬಂದಾಗ ಮಾತಾಡಲು ಹೇಳಿದೆ. ಸರದಿ ಬಂದಾಗ ಅವನು ಆಡಿದ ಮಾತು ಆ ದಿನದ ಎಲ್ಲ ಮಾತುಗಳಿಗಿಂತ ಸ್ಪಷ್ಟವಾಗಿತ್ತು.

ತರಗತಿಗಿಂತ ಸ್ಟಾಫ್ ರೂಮು ಕಷ್ಟದ್ದಾಗಿತ್ತು. "ಅವರ ಅಪ್ಪನ್ನ ಕರಸಿ ಹೇಳಿಬಿಡ್ರಿ ಸರ್, ನಾಳೆ ಏನರ ಆದ್ರ ನಮ್ಮ ತಲಿ ಮ್ಯಾಲ ಬರ್ತೈತಿ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಒತ್ತಾಯಿಸಿದರು. ಅವನು ಕಾಲೇಜಿನಲ್ಲಿ ಧೈರ್ಯವಾಗಿದ್ದರೂ ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಓದು ಬಿಡಿಸುತ್ತಾರೆ ಎಂಬ ಭಯ ಅವನಿಗಿತ್ತು, ಅದು ಸುಳ್ಳು ಭಯವೆಂದು ನನಗೂ ಅನಿಸಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಲೈಂಗಿಕ ಒಲವು ಅದರೊಳಗೇ ಬರುತ್ತದೆ ಎಂದೂ ಆ ತೀರ್ಪಿನಲ್ಲಿದೆ. ಅದನ್ನು ಮಕ್ಕಳಿಗೆ ಕಲಿಸುವ ನಾನು ಫೋನೆತ್ತಿ ಅವನ ತಂದೆಗೆ ಸುದ್ದಿ ಮುಟ್ಟಿಸಲಾರೆ ಎಂದೆ. ಅವನ ಜೀವಕ್ಕೆ ಅಪಾಯವೆನಿಸಿದರೆ ಮಾತ್ರ ಬೇರೆ ಯೋಚನೆ ಮಾಡುತ್ತೇನೆ, ಅದನ್ನೂ ಅವನಿಗೆ ತಿಳಿಸಿಯೇ ಮಾಡುತ್ತೇನೆ ಎಂದು ಅವನಿಗೂ ಹೇಳಿದ್ದೆ.

ಡಾಕ್ಟರರಿಗೆ ತೋರಿಸಿ 'ಸರಿ ಮಾಡಿಸುವ' ಸಲಹೆಯೂ ಬಂತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ, ಬದಲಾಯಿಸುತ್ತೇವೆಂದು ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ ಎಂದು ವಿವರಿಸಿದೆ. ಆದರೆ ಅವನಿಗೆ ಮನಸ್ಸು ಹಗುರ ಮಾಡಿಕೊಳ್ಳಲು ಯಾರಾದರೂ ಬೇಕಿತ್ತು. ಮಾನಸಿಕ ಆರೋಗ್ಯಕ್ಕೆಂದಿರುವ ಟೆಲಿ–ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಮಕ್ಕಳ ಸಹಾಯವಾಣಿ 1098 ಅನ್ನೂ ಇಡೀ ತರಗತಿಗೆ ಬರೆಸಿದೆ. ಪರೀಕ್ಷೆಯ ಭಯ, ಮನೆಯ ಜಗಳ, ಯಾವುದಕ್ಕಾದರೂ ಕರೆ ಮಾಡಬಹುದು ಎಂದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಬಗ್ಗೆ ಅವನಿಗೆ ಬೇರೆಯಾಗಿ ತಿಳಿಸಿದೆ.

ವರ್ಷದ ಕೊನೆಗೆ ಗ್ಯಾದರಿಂಗ್, ಅಂದರೆ ಕಾಲೇಜಿನ ವಾರ್ಷಿಕೋತ್ಸವ ಬಂತು. ಅವನು ನೃತ್ಯಕ್ಕೆ ಹೆಸರು ಕೊಟ್ಟ. ಅದು ನಾಯಕಿಯ ಹಾಡು. ಸಮಿತಿಯಲ್ಲಿ ಆಕ್ಷೇಪ ಬಂದಾಗ, ದೊಡ್ಡಾಟ, ಸಣ್ಣಾಟಗಳಲ್ಲಿ ಗಂಡಸರು ಸೀರೆಯುಟ್ಟು ಕುಣಿದದ್ದನ್ನು ನಮ್ಮ ಅಜ್ಜಂದಿರು ರಾತ್ರಿಯಿಡೀ ಕೂತು ನೋಡಿದ್ದಾರೆ ಎಂದು ನೆನಪಿಸಿದೆ. ಹಾಡಿನ ಸಾಹಿತ್ಯ ಮತ್ತು ಉಡುಪನ್ನು ಸಮಿತಿಗೆ ಮುಂಚೆ ತೋರಿಸಬೇಕೆಂಬ ನಿಯಮ ಎಲ್ಲ ತಂಡಗಳಿಗೂ ಇತ್ತು. ಅವನ ಹಾಡಿನ ಒಂದು ಚರಣ ಹದಿಹರೆಯದವರ ವೇದಿಕೆಗೆ ಹೊಂದುವಂಥದ್ದಲ್ಲವೆಂದು ಬಿಡಿಸಿದೆವು. ಅದೇ ಕಾರಣಕ್ಕೆ ಹುಡುಗಿಯರ ಒಂದು ತಂಡದ ಹಾಡನ್ನೂ ಬದಲಾಯಿಸಿದೆವು. ಚೆನ್ನಾಗಿ ಕುಣಿದ. ಹಿಂದಿನ ಸಾಲಿನಿಂದ ಸೀಟಿ ಬಂದವು, ಅವು ಎಲ್ಲರಿಗೂ ಬಂದಂಥ ಸೀಟಿಗಳೇ ಆಗಿದ್ದವು.

ಈಗ ಪ್ರಥಮ ಪಿಯುಸಿ ತರಗತಿ ಶುರುವಾದ ವಾರವೇ, ಅಂಥ ವಿದ್ಯಾರ್ಥಿ ಇದ್ದಾನೋ ಇಲ್ಲವೋ ಎಂದು ನೋಡದೆ, ಯಾರನ್ನೂ ಹಂಗಿಸುವಂತಿಲ್ಲ, ಯಾರಿಗೂ ಮುಜುಗರವಾಗುವಂತೆ ಹೊಗಳುವಂತೆಯೂ ಇಲ್ಲ ಎಂದು ಹೇಳಿಯೇ ಪಾಠ ತೆಗೆಯುತ್ತೇನೆ. ತಂದೆಯನ್ನು ಕರೆಸಬೇಕೆಂದಿದ್ದ ಸಹೋದ್ಯೋಗಿ ಆ ವಿಷಯದಲ್ಲಿ ಈಗಲೂ ನನ್ನನ್ನು ಒಪ್ಪುವುದಿಲ್ಲ. ಆದರೆ ಅವರ ತರಗತಿಯಲ್ಲಿ ಆ ಬೈಗುಳ ಬಂದರೆ ಅವರೂ ಪಾಠ ನಿಲ್ಲಿಸುತ್ತಾರೆ.