ಇ10 ಖಾಲಿಯಾಗಿದ್ರೆ ಪಕ್ಕದ ಇ5 ನೋಡಿ

ಇಂಗ್ಲೆಂಡಿನಲ್ಲಿರುವ ಪೆಟ್ರೋಲ್ ಕಾರಿನವರಿಗೆ: ಬಂಕಿನಲ್ಲಿ ಮಾಮೂಲಿ ಪೆಟ್ರೋಲ್ (ಇ10, ಅಂದರೆ ಶೇ. 10ರವರೆಗೆ ಎಥನಾಲ್ ಬೆರೆತದ್ದು) ಇಲ್ಲ ಅಂತ ಬೋರ್ಡ್ ಇದ್ದರೆ ಹಾಗೇ ವಾಪಸ್ ಬರಬೇಡಿ, ಸೂಪರ್ ಪೆಟ್ರೋಲ್ ಇದೆಯಾ ನೋಡಿ. ಹಸಿರು ನಾಝಲ್ ಮೇಲೆ ದುಂಡನೆ ಚೀಟಿಯಲ್ಲಿ ಇ5 ಅಂತ ಇರುತ್ತದೆ, ಅಂದರೆ ಎಥನಾಲ್ ಶೇ. 5ರವರೆಗೆ ಮಾತ್ರ. 2021ರ ಸೆಪ್ಟೆಂಬರಿನಲ್ಲಿ ಹೀಗಾಗಿತ್ತು: ರಿಫೈನರಿಯಲ್ಲಿ ಎಣ್ಣೆಗೆ ಬರವಿರಲಿಲ್ಲ, ತರೋಕೆ ಟ್ಯಾಂಕರ್ ಡ್ರೈವರ್‌ಗಳು ಸಾಲುತ್ತಿರಲಿಲ್ಲ, ಅದಕ್ಕೆ ಜನರ ಗಾಬರಿ ಬೇರೆ ಸೇರಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಎಲ್ಲರೂ ಮುಗಿಬೀಳೋದು ಅಗ್ಗದ ಇ10ಗೆ. ಸೂಪರ್ ಇರೋದು ನೆಲದಡಿಯ ಬೇರೆ ಟ್ಯಾಂಕಿನಲ್ಲಿ, ಹಾಗಾಗಿ ಅದು ಸ್ವಲ್ಪ ನಿಧಾನಕ್ಕೆ ಖಾಲಿಯಾಗುತ್ತದೆ. ಮಾಮೂಲಿ ಪೆಟ್ರೋಲ್ ಇ10 ಆಗಿದ್ದೂ ಅದೇ 2021ರ ಸೆಪ್ಟೆಂಬರಿನಲ್ಲೇ. ಇ10 ಕುಡಿಯುವ ಕಾರು ಇ5 ಅನ್ನೂ ಕುಡಿಯುತ್ತದೆ, ಟ್ಯಾಂಕಿನಲ್ಲಿ ಎರಡೂ ಬೆರೆತರೂ ತೊಂದರೆಯಿಲ್ಲ. ಆದರೆ ಹಳೇ ಕಾರಿನವರು ಇದನ್ನೇ ಉಲ್ಟಾ ಮಾಡಬೇಡಿ, ಕೆಲವಕ್ಕೆ ಇ10 ಆಗಿಬರಲ್ಲ. ಸೂಪರ್‌ನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿದರೆ ನಾಲ್ಕಾರು ಪೌಂಡ್ ಜಾಸ್ತಿ ಬೀಳುತ್ತದೆ. 2021ರಲ್ಲಿ ಕೆಲವು ಕಡೆ ಹೇಗೂ 30 ಪೌಂಡ್‌ಗಿಂತ ಮೇಲೆ ಹಾಕುತ್ತಿರಲಿಲ್ಲ, ಬಿಡಿ. ಸಣ್ಣ ಬಂಕುಗಳಲ್ಲಿ ಸೂಪರ್ ಇಲ್ಲದೇ ಇರಬಹುದು. ಟ್ಯಾಂಕರ್ ಬಾರದೆ ಎರಡು ದಿನ ಆಗಿದ್ದರೆ ಎಲ್ಲವೂ ಮುಗಿದಿರಬಹುದು, ಅಲ್ಲಿ ಸುಮ್ನೆ ಸಾಲು ನಿಲ್ಲಬೇಡಿ. ಡೀಸೆಲ್‌ನವರಿಗೆ ಈ ಇ5 ಉಪಾಯ ಇಲ್ಲ, ಗಡಿಬಿಡಿಯಲ್ಲಿ ಹಸಿರು ನಾಝಲ್ ಎತ್ತಿದರೆ ರಿಪೇರಿ ಖರ್ಚು ಕೈ ಸುಡುತ್ತದೆ. ಹಾಂ, ಊರಲ್ಲಿ ಮಾಡೋ ಹಾಗೆ ನೀರಿನ ಬಾಟಲಿ ಹಿಡ್ಕೊಂಡು ಹೋಗಬೇಡಿ. ಇಲ್ಲಿ ಪೆಟ್ರೋಲಿಗೆಂದೇ ಮಾಡಿದ ಕ್ಯಾನ್ ಬೇಕು, ಪ್ಲಾಸ್ಟಿಕ್‌ದಾದರೆ 10 ಲೀಟರಿನೊಳಗೆ.