ಯಂತ್ರ ಓಡುವಾಗ ಹಿಡಿ ನಿಲ್ಲಬೇಕು: ನನ್ನ ಅನುಭವ

ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಶೆಡ್ಡಿನ ಮಿಲ್ಲಿಂಗ್ ಯಂತ್ರ (ತಿರುಗುವ ಕಟರಿನಿಂದ ಲೋಹ ಕೆತ್ತುವ ಯಂತ್ರ) ಹಳೆಯದು. ಮೇಜನ್ನು ಕೈಯಲ್ಲಿ ತಿರುಗಿಸಿ ಭುಜ ಸೋತ ಮೇಲೆ, ಮೇಜನ್ನು ಸರಿಸುವ ಸ್ಕ್ರೂವಿನ ಒಂದು ತುದಿಗೆ ಮೋಟಾರು ಕೂರಿಸಿದೆ. ಇನ್ನೊಂದು ತುದಿಯ ಹ್ಯಾಂಡ್‌ವೀಲ್ ಮಾತ್ರ ಶಾಫ್ಟಿಗೆ ಕೀ ಹಾಕಿ ಬಿಗಿದಂತೆಯೇ ಉಳಿಯಿತು, ಶಾಫ್ಟು ತಿರುಗಿದರೆ ಅದೂ ತಿರುಗುತ್ತದೆ. ಸ್ಕ್ರೂವಿನ ಪಿಚ್, ಅಂದರೆ ಒಂದು ಸುತ್ತಿಗೆ ಮೇಜು ಸರಿಯುವ ದೂರ, 5 ಮಿ.ಮೀ.; ಮೇಜು ನಿಮಿಷಕ್ಕೆ ಒಂದೂವರೆ ಮೀಟರ್ ಓಡಿದರೆ ಹ್ಯಾಂಡ್‌ವೀಲ್ ಹಿಡಿಯ ಸಮೇತ ನಿಮಿಷಕ್ಕೆ 300 ಸುತ್ತು ಹಾಕುತ್ತದೆ. ಒಂದು ಮಧ್ಯಾಹ್ನ ಆ ಹಿಡಿ ನನ್ನ ಬಲ ಮುಂಗೈಗೆ ಬಡಿಯಿತು. ಮೂಳೆ ಉಳಿಯಿತು, ಹದಿನೈದು ದಿನ ಎಡಗೈಯಲ್ಲಿ ಚಮಚ ಹಿಡಿದು ಮುದ್ದೆ ತಿಂದೆ. ಆಲೆಮನೆಯ ಗಾಣಕ್ಕೆ ಬೆರಳು ಕೊಟ್ಟವರ ಕಥೆ ಕೇಳಿಯೇ ಬೆಳೆದವನಿಗೆ ಮೊದಲೇ ಬುದ್ಧಿ ಬರಬೇಕಿತ್ತು.

"ಹಿಡಿ ಬಿಚ್ಚಿಟ್ಟರೆ ಆಯಿತಲ್ಲ ಸಾರ್" ಎಂದರು ನಮ್ಮ ಹಿರಿಯ ಮಿಲ್ಲರ್. ಬಿಚ್ಚಿದ ಹಿಡಿ ಎರಡನೆಯ ದಿನವೇ ಮತ್ತೆ ಏರುತ್ತದೆ ಎಂಬುದು ಅವರಿಗೂ ಗೊತ್ತು.

ಬೇಕಾದದ್ದು ಕ್ಲಚ್: ಹ್ಯಾಂಡ್‌ವೀಲನ್ನು ಶಾಫ್ಟಿಗೆ ಬೇಕಾದಾಗ ಸೇರಿಸಿ, ಬೇಡವಾದಾಗ ಬಿಡಿಸುವ ಜೋಡಣೆ. ಒಳಕ್ಕೆ ಒತ್ತಿ ಹಿಡಿದಾಗ ಮಾತ್ರ ಹಲ್ಲು ಕಚ್ಚಬೇಕು, ಕೈ ಬಿಟ್ಟರೆ ಸ್ಪ್ರಿಂಗ್ ಹ್ಯಾಂಡ್‌ವೀಲನ್ನು ಹೊರಕ್ಕೆ ತಳ್ಳಬೇಕು. ಇಂಥವು ಸಿದ್ಧವಾಗಿಯೂ ಸಿಗುತ್ತವೆ. ನಮ್ಮ ಯಂತ್ರದ ಬಳಿ ಜಾಗ ಇಕ್ಕಟ್ಟಾದ್ದರಿಂದ ನಾನೇ ಮಾಡಿಕೊಂಡೆ. ಹಲ್ಲು ಏಳು ಇಟ್ಟೆ. ಬೆಸ ಸಂಖ್ಯೆಯಾದರೆ ಕಟರ್ ಮುಖದ ಈ ಅಂಚಿನಿಂದ ಆ ಅಂಚಿಗೆ ನೇರ ಹಾದುಹೋಗಬಹುದು, ಎದುರಿನ ಹಲ್ಲಿಗೆ ಪೆಟ್ಟಾಗುವುದಿಲ್ಲ. ವೃತ್ತವನ್ನು ಸಮಭಾಗ ಮಾಡಿಕೊಡುವ ಡಿವೈಡಿಂಗ್ ಹೆಡ್ಡಿನಲ್ಲಿ ಪ್ರತಿ ಹಲ್ಲಿಗೆ ಹಿಡಿಯ ಐದು ಪೂರ್ತಿ ಸುತ್ತು, ಜೊತೆಗೆ 21 ರಂಧ್ರಗಳ ವೃತ್ತದಲ್ಲಿ 15 ರಂಧ್ರ. ಇದು ಅರ್ಧ ದಿನದ ಕೆಲಸ.

ಕಾಡಿದ್ದು ಹ್ಯಾಂಡ್‌ವೀಲನ್ನು ಸುಮ್ಮನೆ ನಿಲ್ಲಿಸುವುದು. ಮೊದಲು ಗನ್‌ಮೆಟಲ್ ಬುಷ್ (ಶಾಫ್ಟಿನ ಸುತ್ತ ಕೂರುವ ಕಂಚಿನ ಕೊಳವೆ) ಹಾಕಿದೆ. ವಾರ ಕಳೆಯುವಷ್ಟರಲ್ಲಿ ಕಟರ್ ತಂಪಾಗಿಸಲು ಸುರಿಯುವ ದ್ರವ, ಕೂಲೆಂಟ್, ಬುಷ್‌ನ ಎಣ್ಣೆಯನ್ನು ತೊಳೆದುಬಿಟ್ಟಿತು, ಬುಷ್ ಹಿಡಿಯತೊಡಗಿತು, ಹಲ್ಲು ಬಿಟ್ಟಿದ್ದರೂ ಹ್ಯಾಂಡ್‌ವೀಲ್ ಶಾಫ್ಟಿನ ಹಿಂದೆ ಹೊರಟಿತು. ಹಾಗಾಗಿ ಸೂಜಿಯಂಥ ಸಣ್ಣ ಉರುಳೆಗಳಿರುವ ನೀಡಲ್ ಬೇರಿಂಗಿಗೆ ಬಂದೆ: ಎಚ್‌ಕೆ 2016 ಮಾದರಿಯವು, ಎರಡು. ಒಳಗೆ 20, ಹೊರಗೆ 26, ಅಗಲ 16 ಮಿ.ಮೀ.; ಹ್ಯಾಂಡ್‌ವೀಲಿನ ನಡುಭಾಗವನ್ನು, ಅಂದರೆ ಹಬ್ಬನ್ನು (hub), ದಪ್ಪ ಮಾಡದೆಯೇ ಕೂರುತ್ತವೆ. ಇವಕ್ಕೆ ಒಳ ರಿಂಗ್ ಇಲ್ಲ, ಸೂಜಿಗಳು ನೇರ ಶಾಫ್ಟಿನ ಮೇಲೆ ಉರುಳುತ್ತವೆ. ಮೆತ್ತನೆಯ ಶಾಫ್ಟಾದರೆ ಗೀರು ಬೀಳುವುದು ಖಂಡಿತ. ಅದಕ್ಕಾಗಿ 16 ಮಿ.ಮೀ. ಶಾಫ್ಟಿನ ಮೇಲೆ ಇಎನ್ 31 ಎಂಬ ಬೇರಿಂಗ್ ಉಕ್ಕಿನ ಸ್ಲೀವ್ (ತೋಳಿನಂಥ ಕೊಳವೆ) ಕೂರಿಸಿದೆ, ಗಡಸುತನದ ಅಳತೆಯಲ್ಲಿ 60 ಎಚ್‌ಆರ್‌ಸಿಯಷ್ಟು ಗಟ್ಟಿಮಾಡಿಸಿ ಹೊರವ್ಯಾಸವನ್ನು 20 ಮಿ.ಮೀ.ಗೆ ಗ್ರೈಂಡ್ ಮಾಡಿಸಿದ್ದು. ಹ್ಯಾಂಡ್‌ವೀಲ್ 6 ಮಿ.ಮೀ. ಒಳಗೆ ಹೊರಗೆ ಸರಿಯುತ್ತದೆ. ಸ್ಲೀವ್ ಅಷ್ಟು ಉದ್ದ ಹೆಚ್ಚಿರಬೇಕು, ಇಲ್ಲದಿದ್ದರೆ ಸೂಜಿಗಳು ಅಂಚಿನಿಂದಾಚೆ ಇಳಿಯುತ್ತವೆ.

ಬೇರಿಂಗ್ ಒತ್ತುವಾಗ ಅಕ್ಷರ ಕೊರೆದ ಮುಖಕ್ಕೇ ಮ್ಯಾಂಡ್ರೆಲ್ (ಒತ್ತಲು ಬಳಸುವ ದಂಡ) ಇಟ್ಟು ಒತ್ತಬೇಕು. ಸುತ್ತಿಗೆ ಬೇಡವೇ ಬೇಡ: ಮೊದಲನೆಯದನ್ನು ನಾನು ಹಾಗೆಯೇ ಹಾಳುಮಾಡಿದೆ. ಹಬ್ಬಿನ ರಂಧ್ರ ಎನ್7 ಎಂಬ ಬಿಗಿ ಅಳತೆ, ಅಂದರೆ 25.972ರಿಂದ 25.993 ಮಿ.ಮೀ.ಗಳ ನಡುವೆ. ತೆಳು ತಗಡಿನ ಈ ಬೇರಿಂಗ್ ರಂಧ್ರದ ಆಕಾರವನ್ನೇ ತಾಳುತ್ತದೆ. ರಂಧ್ರ ಅಂಡಾಕಾರವಾದರೆ ಬೇರಿಂಗೂ ಅಂಡಾಕಾರ.

ಎಲ್ಲ ಜೋಡಿಸಿ ಮೋಟಾರು ಒತ್ತಿದೆ. ಹ್ಯಾಂಡ್‌ವೀಲ್ ಮತ್ತೆ ನಿಧಾನವಾಗಿ ಹೊರಟಿತು! ತಪ್ಪು ಬೇರಿಂಗಿನದಲ್ಲ, ಸ್ಪ್ರಿಂಗಿನದು. ಅದರ ಒಂದು ತುದಿ ತಿರುಗುವ ಕ್ಲಚ್ಚಿನ ಮೇಲೆ, ಇನ್ನೊಂದು ನಿಂತಿರಬೇಕಾದ ಹಬ್ಬಿನ ಮೇಲೆ, ಉಜ್ಜಿ ಎಳೆಯುತ್ತಿತ್ತು. ನೀಡಲ್ ಬೇರಿಂಗ್ ಅಡ್ಡ ಭಾರ ಹೊರುತ್ತದೆ, ಉದ್ದದ ಒತ್ತಡ ಅದಕ್ಕೆ ಸಂಬಂಧವಿಲ್ಲ. ಸ್ಪ್ರಿಂಗಿಗೂ ಹಬ್ಬಿಗೂ ನಡುವೆ, ಉದ್ದದ ಒತ್ತಡ ಹೊರುವ ಎಎಕ್ಸ್‌ಕೆ 2035 ಮಾದರಿಯ ಚಪ್ಪಟೆ ಸೂಜಿ ಬೇರಿಂಗನ್ನು ಎರಡು ವಾಷರ್‌ಗಳೊಂದಿಗೆ ಇಟ್ಟೆ. ಎಳೆತ ತಗ್ಗಿತು, ನಿಲ್ಲಲಿಲ್ಲ. ಒಂದು ಸಂಜೆ ತಲೆ ಕೆರೆದ ಮೇಲೆ ಹೊಳೆಯಿತು: ಸ್ಪ್ರಿಂಗ್ ಹಬ್ಬನ್ನು ಹೊರಗಿನ ಕಾಲರಿಗೆ (ಹ್ಯಾಂಡ್‌ವೀಲ್ ಜಾರದಂತೆ ತಡೆಯುವ ಬಳೆಗೆ) ಒತ್ತುತ್ತಿದೆ, ಆ ಕಾಲರೂ ಶಾಫ್ಟಿನ ಜೊತೆಗೇ ತಿರುಗುತ್ತಿದೆ. ಅಲ್ಲೂ ಅಂಥದೇ ಒಂದು ಚಪ್ಪಟೆ ಬೇರಿಂಗ್ ಇಟ್ಟೆ.

ಅಳತೆಯ ಡಯಲನ್ನು ಶಾಫ್ಟಿನಲ್ಲೇ ಉಳಿಸಿದೆ. ಹ್ಯಾಂಡ್‌ವೀಲ್ ಯಾವ ಹಲ್ಲಿಗೆ ಕಚ್ಚಿದರೂ ಲೆಕ್ಕ ತಪ್ಪುವುದಿಲ್ಲ.

ಮರುದಿನ ಮೇಜು ಪೂರ್ತಿ ವೇಗದಲ್ಲಿ ಓಡಿತು. ಹಿಡಿ ತನ್ನ ಭಾರಕ್ಕೆ ಕೆಳಗಿಳಿದು ಅಲ್ಲೇ ತೂಗಿತು. ನಮ್ಮ ಮಿಲ್ಲರ್ ಸ್ವಲ್ಪ ಹೊತ್ತು ನೋಡಿ, ಅಡ್ಡ ಸ್ಲೈಡಿಗೂ ಮೋಟಾರು ಹಾಕುವುದು ಯಾವಾಗ ಎಂದು ಕೇಳಿದರು.