ಮರುತ್ ವಿಮಾನದ ಸೈಡ್ ಪ್ರೊಫೈಲ್: ಮೊದಲು ಅಳತೆ, ಆಮೇಲೆ ಬಣ್ಣ

ಹಳೆ ಯುದ್ಧವಿಮಾನಗಳ ಸೈಡ್ ಪ್ರೊಫೈಲ್, ಅಂದರೆ ಪಕ್ಕದಿಂದ ನೋಡಿದ ಚಿತ್ರ, ಕಂಪ್ಯೂಟರಿನಲ್ಲಿ ಬಿಡಿಸೋಕೆ ಶುರು ಮಾಡುವವರು ಹೆಚ್ಚಾಗಿ ಸ್ಪಿಟ್‌ಫೈರ್ ಹಿಡಿಯುತ್ತಾರೆ. ತಪ್ಪೇನಿಲ್ಲ. ಆದರೆ ಬೆಂಗಳೂರಿನಲ್ಲೋ ಹತ್ತಿರದಲ್ಲೋ ಇದ್ದರೆ ಎಚ್‌ಎಎಲ್‌ನ ಎಚ್‌ಎಫ್-24 ಮರುತ್‌ನಿಂದ ಶುರು ಮಾಡಿ. ಕಾರಣ ದೇಶಪ್ರೇಮ ಅಲ್ಲ, ಅನುಕೂಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಮರುತ್ ಇದೆ, ಎಚ್‌ಎಎಲ್ ಮ್ಯೂಸಿಯಂನಲ್ಲೂ ಇದೆ. ಅನುಮಾನ ಬಂದಾಗ ಬಸ್ ಹತ್ತಿ ಹೋಗಿ ನೋಡಿಕೊಂಡು ಬರಬಹುದು. ಸ್ಪಿಟ್‌ಫೈರ್ ಬಿಡಿಸುವಾಗ ಆ ಭಾಗ್ಯ ಇರಲ್ಲ.

ವಿಮಾನದ ಕಥೆಯೂ ಚೆನ್ನಾಗಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫಾಕೆ-ವುಲ್ಫ್ 190 ಯುದ್ಧವಿಮಾನ ಕೊಟ್ಟ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನವರ ಜೊತೆ ಸೇರಿ ವಿನ್ಯಾಸ ಮಾಡಿದ್ದು ಇದು. 1961ರ ಜೂನ್ 17ರಂದು ಮೊದಲ ಸಲ ಹಾರಿಸಿದವರು ಸುರಂಜನ್ ದಾಸ್. ಹೌದು, ನೀವು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುವ ಆ ಸುರಂಜನ್ ದಾಸ್ ರಸ್ತೆಯ ಹೆಸರು ಇವರದ್ದೇ.

ಕೆಲಸಕ್ಕೆ ಬರೋಣ. ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ: ಯಾವ ಮರುತ್? ಪ್ರೊಫೈಲ್ ಅಂದರೆ 'ಮರುತ್ ಹೀಗಿರುತ್ತದೆ' ಅನ್ನುವ ಚಿತ್ರ ಅಲ್ಲ. ಒಂದೇ ಒಂದು ವಿಮಾನ, ಅದರ ಒಂದೇ ಒಂದು ದಿನ. 1971ರ ಯುದ್ಧದಲ್ಲಿ ರಾಜಸ್ಥಾನದ ಉತ್ತರಲಾಯಿಯಿಂದ ಹಾರಿದ ವಿಮಾನವೋ, ಬೆಂಗಳೂರಿನಲ್ಲಿ ಪರೀಕ್ಷೆಗೆ ಹಾರಿದ ಪ್ರೊಟೊಟೈಪೋ, ಎರಡು ಸೀಟಿನ ತರಬೇತಿ ವಿಮಾನವೋ? ಬಣ್ಣ, ನಂಬರು, ಕೊಳೆ ಎಲ್ಲ ಇದರ ಮೇಲೆ ನಿಂತಿದೆ. ಬಾಲದ ಹತ್ತಿರ ಸೀರಿಯಲ್ ನಂಬರು ಇರುತ್ತದೆ, ಕೆಲವದರಲ್ಲಿ 'ಬಿಡಿ' ಅನ್ನುವ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವಂಥದ್ದು. ಹೆಸರು ಬಿಡಿ ಅಂತ ಇದ್ದರೂ ಅದನ್ನು ಮಾತ್ರ ಬಿಡಬೇಡಿ. ಆ ನಂಬರಿನ ಫೋಟೊ ಸಿಕ್ಕರೆ ಅರ್ಧ ಕೆಲಸ ಆದಂಗೆ.

ಈಗ ನಾನು ಮಾಡಿದ ಎಡವಟ್ಟು ಕೇಳಿ. ಮೊದಲ ಸಲ ಮ್ಯೂಸಿಯಂಗೆ ಹೋಗಿ, ವಿಮಾನದ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಮನೆಗೆ ಬಂದು ಅದರ ಮೇಲೆಯೇ ಗೆರೆ ಎಳೆದುಬಿಟ್ಟೆ. ಮೂರು ವಾರ ರಾತ್ರಿಯೆಲ್ಲ ಕೂತು ಬಣ್ಣ ತುಂಬಿದೆ. ಚಿತ್ರ ನೋಡಿದ ಒಬ್ಬರು ಹಿರಿಯರು, ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು, ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಇದರ ಬಾಲ ಯಾರು ಕತ್ತರಿಸಿದ್ರಪ್ಪಾ?" ಅಂದರು ಅಷ್ಟೇ. ಹತ್ತಿರ ನಿಂತು ತೆಗೆದ ಫೋಟೊದಲ್ಲಿ ಕಣ್ಣೆದುರಿನ ಭಾಗ ಉಬ್ಬುತ್ತದೆ, ದೂರದ ತುದಿ ಕುಗ್ಗುತ್ತದೆ. ನಾನು ಮೂತಿಯ ಹತ್ತಿರ ನಿಂತಿದ್ದೆ, ಬಾಲ ಹೋಯಿತು.

ಹಾಗಾಗಿ ಫೋಟೊ ತೆಗೆಯುವಾಗ ಆದಷ್ಟು ಹಿಂದೆ ಹೋಗಿ, ವಿಮಾನದ ಉದ್ದದ ಸರಿ ಮಧ್ಯಕ್ಕೆ ನಿಂತು, ಜೂಮ್ ಮಾಡಿ ತೆಗೆಯಿರಿ. ಮರವೋ ಬೇಲಿಯೋ ಅಡ್ಡ ಬಂದರೆ ಮೂರು ನಾಲ್ಕು ತುಂಡಾಗಿ ತೆಗೆಯಿರಿ, ಆದರೆ ಒಂದೊಂದು ತುಂಡಿಗೂ ಅದರ ಎದುರಿಗೇ ಹೋಗಿ ನಿಲ್ಲಬೇಕು. ಮತ್ತೆ, ಫೋಟೊ ಇರುವುದು ವಿವರ ನೋಡೋಕೆ. ಆಕಾರಕ್ಕೆ ಅಳತೆಯೇ ಗತಿ.

ಮರುತ್ ಉದ್ದ 15.87 ಮೀಟರ್, ಎತ್ತರ 3.60 ಮೀಟರ್. ನಾನು ಒಂದು ಮೀಟರಿಗೆ 250 ಪಿಕ್ಸೆಲ್ ಇಟ್ಟುಕೊಳ್ಳುತ್ತೇನೆ, ಅಂದರೆ ಒಂದು ಪಿಕ್ಸೆಲ್‌ಗೆ 4 ಮಿಲಿಮೀಟರ್. ಲೆಕ್ಕ ಹಾಕಿದರೆ ವಿಮಾನ ಸುಮಾರು 3968 ಪಿಕ್ಸೆಲ್ ಉದ್ದ, 900 ಪಿಕ್ಸೆಲ್ ಎತ್ತರ ಬರುತ್ತದೆ. 300 ಡಿಪಿಐನಲ್ಲಿ, ಅಂದರೆ ಪ್ರಿಂಟಿನ ಒಂದು ಇಂಚಿಗೆ 300 ಪಿಕ್ಸೆಲ್ ಇಟ್ಟರೆ, ಎ3 ಹಾಳೆಯ ಅಗಲ 4961 ಪಿಕ್ಸೆಲ್, ಆದ್ದರಿಂದ ಎರಡೂ ಕಡೆ ಚೆನ್ನಾಗಿ ಜಾಗ ಉಳಿಯುತ್ತದೆ. ಪ್ರಿಂಟ್ ಹಾಕಿಸಿದರೆ ಮಾಡೆಲ್ ಕಟ್ಟುವವರ 1/48 ಸ್ಕೇಲಿಗೆ (ನಿಜವಾದ ಅಳತೆಯ 48ನೇ ಒಂದು ಭಾಗ) ಹತ್ತಿರ ಹತ್ತಿರ ಸಿಗುತ್ತದೆ. ಮೊದಲು ಈ ಅಳತೆಯ ಖಾಲಿ ಡಬ್ಬ ಎಳೆದುಕೊಳ್ಳಿ, ಅದರೊಳಗೆ ಮೂರು-ನೋಟದ ನಕ್ಷೆ (ಪಕ್ಕದಿಂದ, ಮೇಲಿಂದ, ಎದುರಿನಿಂದ ಕಾಣುವ ಅಳತೆಯ ಚಿತ್ರ) ಕೂರಿಸಿ. ಎರಡು ನಕ್ಷೆ ಸಿಕ್ಕರೆ ಇನ್ನೂ ಒಳ್ಳೆಯದು, ಒಂದರ ಮೇಲೊಂದು ಇಟ್ಟು ನೋಡಿ, ಜಗಳ ಆಡುವ ಜಾಗದಲ್ಲೆಲ್ಲ ಫೋಟೊದ ಮಾತು ಕೇಳಿ. ಮೂತಿಯ ತುದಿಯಲ್ಲಿ ಚಾಚಿಕೊಂಡಿರುವ, ವೇಗ ಅಳೆಯುವ ಪಿಟೊಟ್ ಕಡ್ಡಿಯನ್ನು ನಕ್ಷೆಯವರು ಉದ್ದದಲ್ಲಿ ಸೇರಿಸಿದ್ದಾರಾ ಅನ್ನೋದನ್ನು ನೋಡಿಕೊಳ್ಳಿ, ಇಲ್ಲಾಂದ್ರೆ ಇಡೀ ವಿಮಾನ ಹಿಗ್ಗುತ್ತದೆ. ಒಂದು ಸುಲಭದ ಪರೀಕ್ಷೆ ಇದೆ: ಪೈಲಟ್ ಹೆಲ್ಮೆಟ್ ಹೆಚ್ಚು ಕಡಿಮೆ 25 ಸೆಂಟಿಮೀಟರ್, ಅಂದರೆ 60 ಪಿಕ್ಸೆಲ್ ಚಿಲ್ಲರೆ. ಆ ಗಾತ್ರದ ಒಂದು ಗುಂಡು ಬಿಡಿಸಿ ಕ್ಯಾನೊಪಿ, ಅಂದರೆ ಪೈಲಟ್ ಮೇಲಿನ ಗಾಜಿನ ಮುಚ್ಚಳದ ಒಳಗೆ ಇಡಿ. ತಲೆ ಗಾಜಿಗೆ ಬಡಿದರೆ ಎಲ್ಲೋ ತಪ್ಪಿದೆ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗೆರೆಗೆ ಇಂಕ್‌ಸ್ಕೇಪ್, ಬಣ್ಣಕ್ಕೆ ಕ್ರಿಟಾ, ಎರಡೂ ಪುಕ್ಕಟೆ. ಹೊರಗೆರೆಯನ್ನು ಪೆನ್ ಟೂಲ್‌ನಲ್ಲಿ ಎಳೆಯುವಾಗ ಚುಕ್ಕೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಬೆನ್ನಿನ ಉದ್ದಕ್ಕೆ ಇಪ್ಪತ್ತು ಚುಕ್ಕೆ ಇಟ್ಟರೆ ಗೆರೆ ಗುಂಡಿಬಿದ್ದ ರಸ್ತೆ ಥರ ಆಗುತ್ತದೆ, ನಾಲ್ಕೈದು ಸಾಕು. ಬಾಡಿ, ರೆಕ್ಕೆ, ಬಾಲ, ಗಾಜು, ಚಕ್ರ ಬೇರೆ ಬೇರೆ ಲೇಯರ್‌ನಲ್ಲಿರಲಿ. ಹೆಸರು ಹಾಕಿಡಿ, 'ಲೇಯರ್ 47' ಏನು ಅಂತ ಮುಂದಿನ ತಿಂಗಳು ನಿಮಗೇ ಗೊತ್ತಾಗಲ್ಲ.

ಇಲ್ಲಿಂದ ಮಜಾ. ಮರುತ್ ಬಾಡಿ ಮಧ್ಯದಲ್ಲಿ ಸೊಂಟದ ಥರ ಸಣ್ಣ ಆಗುತ್ತದೆ. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ಕಡಿಮೆ ಆಗಲಿ ಅಂತ ರೆಕ್ಕೆ ಇರುವ ಕಡೆ ಬಾಡಿಯನ್ನು ಒಳಕ್ಕೆ ಒತ್ತಿದ್ದಾರೆ. ಮೇಲಿಂದ ನೋಡಿದರೆ ಎದ್ದು ಕಾಣುತ್ತದೆ, ಪಕ್ಕದಿಂದ ನೋಡಿದರೆ ಹೊರಗೆರೆಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಗಾದರೆ ತೋರಿಸೋದು ಹೇಗೆ? ನೆರಳಲ್ಲಿ. ಬೆಳಕು ಮೇಲಿಂದ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಬಾಡಿಯ ಮೇಲ್ಭಾಗ ತಿಳಿ, ಹೊಟ್ಟೆ ಕಡೆ ಗಾಢ, ತೀರಾ ಕೆಳಗೆ ನೆಲದಿಂದ ಪುಟಿದ ಒಂದು ಎಳೆ ಬೆಳಕು. ಸೊಂಟ ಬಂದ ಕಡೆ ಈ ಪಟ್ಟಿಗಳೆಲ್ಲ ಒಂದೇ ಅಗಲದಲ್ಲಿ ನೇರ ಓಡಬಾರದು, ಸ್ವಲ್ಪ ಬಾಗಬೇಕು. ಮಲ್ಟಿಪ್ಲೈ ಮೋಡ್‌ನಲ್ಲಿ (ಕೆಳಗಿನ ಬಣ್ಣವನ್ನು ಗಾಢ ಮಾಡುವ ಮೋಡ್) ಒಂದು ಲೇಯರ್ ಹಾಕಿ, ಮೆತ್ತನೆಯ ದೊಡ್ಡ ಬ್ರಷ್ಷಿನಲ್ಲಿ, ಒಂದೇ ಸಲಕ್ಕೆ ಕಪ್ಪು ಮಾಡದೆ ನಾಲ್ಕೈದು ಸಲ ತೆಳ್ಳಗೆ ಎಳೆಯಿರಿ. ಕ್ಯಾನೊಪಿ ಹಿಂದೆ ಪಕ್ಕದಲ್ಲಿ ಗಾಳಿ ಒಳಗೆ ಹೋಗುವ ಬಾಯಿ ಇದೆಯಲ್ಲ, ಅದರ ಮುಂದೆ ಅರ್ಧ ಶಂಕುವಿನ ಆಕಾರ ಇರುತ್ತದೆ. ಅದರ ನೆರಳು ಬಾಡಿ ಮೇಲೆ ಬೀಳಬೇಕು. ಈ ಒಂದು ನೆರಳು ಸರಿ ಬಿದ್ದರೆ ಚಪ್ಪಟೆ ಚಿತ್ರಕ್ಕೆ ಜೀವ ಬರುತ್ತದೆ, ನಾನು ಇದೊಂದಕ್ಕೇ ಒಂದು ಸಂಜೆ ಕೊಡುತ್ತೇನೆ.

ಪ್ಯಾನಲ್ ಗೆರೆಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ನಮ್ಮ ಲೆಕ್ಕದಲ್ಲಿ ಒಂದು ಪಿಕ್ಸೆಲ್ ಅಂದರೆ 4 ಮಿಲಿಮೀಟರ್. ನಿಜವಾದ ವಿಮಾನದಲ್ಲಿ ಎರಡು ತಗಡಿನ ಮಧ್ಯದ ಸಂದು ಅಷ್ಟೂ ಇರಲ್ಲ. ಆದ್ದರಿಂದ ಒಂದು ಪಿಕ್ಸೆಲ್ ಗೆರೆ, ಅದೂ ಮೂವತ್ತು ಪರ್ಸೆಂಟ್ ಒಪ್ಯಾಸಿಟಿಯಲ್ಲಿ ಸಾಕು. ಎಲ್ಲಾ ರಿವೆಟ್ಟನ್ನೂ ಕಪ್ಪು ಚುಕ್ಕೆ ಇಟ್ಟು ಬಿಡಿಸಿದರೆ ವಿಮಾನಕ್ಕೆ ದಡಾರ ಬಂದಂಗೆ ಕಾಣುತ್ತದೆ.

ಬಣ್ಣಕ್ಕೆ ಮ್ಯೂಸಿಯಂ ವಿಮಾನವನ್ನು ನಂಬಬೇಡಿ. ಬಯಲಲ್ಲಿ ನಿಂತ ವಿಮಾನಕ್ಕೆ ಬಿಸಿಲು ಮಳೆ ಬಿದ್ದು ಮತ್ತೆ ಮತ್ತೆ ಬಣ್ಣ ಹೊಡೆದಿರುತ್ತಾರೆ. ಹಳೆ ಕಲರ್ ಫೋಟೊಗಳೂ ಸುಳ್ಳು ಹೇಳುತ್ತವೆ, ಎಷ್ಟೋ ಪ್ರಿಂಟುಗಳು ವಯಸ್ಸಾದಂತೆ ಕೆಂಪಗಾಗುತ್ತವೆ. ಫೋಟೊದಲ್ಲಿ ಬಿಳಿ ಅಂತ ಖಚಿತ ಗೊತ್ತಿರುವ ಜಾಗ ಹುಡುಕಿ. ನಮ್ಮ ವಾಯುಪಡೆಯ ಗುಂಡು ಗುರುತಿನಲ್ಲಿ ಹೊರಗೆ ಹಸಿರು, ನಡುವೆ ಬಿಳಿ, ಒಳಗೆ ಕೇಸರಿ. ಆ ಬಿಳಿ ಉಂಗುರ ಬಿಳಿಯಾಗಿ ಕಾಣುವ ತನಕ ಫೋಟೊದ ಬಣ್ಣ ಸರಿಮಾಡಿ, ಆಮೇಲೆ ಉಳಿದದ್ದನ್ನು ಆರಿಸಿಕೊಳ್ಳಿ. ಸಿಕ್ಕ ಬಣ್ಣಕ್ಕಿಂತ ಒಂದು ಚೂರು ತಿಳಿ ಮಾಡಿ. ಚಿಕ್ಕ ಚಿತ್ರದಲ್ಲಿ ನಿಜವಾದ ಬಣ್ಣ ಯಾವಾಗಲೂ ಕಪ್ಪಗೆ ಕಾಣುತ್ತದೆ.

ಕೊಳೆ ಹಾಕುವಾಗ ಕಾರಣ ಕೇಳಿಕೊಳ್ಳಿ. ಮರುತ್ ಮೂತಿಯಲ್ಲಿ ನಾಲ್ಕು 30 ಎಂಎಂ ಏಡನ್ ಫಿರಂಗಿ, ಪಕ್ಕಕ್ಕೆ ಎರಡೆರಡು. ಗುಂಡು ಹಾರಿಸಿದ ವಿಮಾನವಾದರೆ ಅವುಗಳ ಬಾಯಿಂದ ಹಿಂದಕ್ಕೆ ಮಸಿ ಎಳೆದಿರುತ್ತದೆ. ಹಿಂದೆ ಆರ್ಫಿಯಸ್ ಎಂಜಿನ್ನಿನ ಕೊಳವೆ ಸುತ್ತ ಲೋಹ ಬಿಸಿಗೆ ಮಂಕಾಗಿರುತ್ತದೆ. ಉತ್ತರಲಾಯಿಯ ವಿಮಾನ ಅಂದರೆ ಮರಳುಗಾಡು, ಆದ್ದರಿಂದ ಚಕ್ರದ ಹತ್ತಿರ, ಹೊಟ್ಟೆಯ ಕೆಳಗೆ ತೆಳು ಧೂಳು. ಸುಮ್ನೆ ಚೆಂದಕ್ಕೆ ಅಂತ ಎಲ್ಲ ಕಡೆ ಬಣ್ಣ ಕಿತ್ತುಬಂದಂತೆ ತೋರಿಸಬೇಡಿ, ಪ್ರತಿದಿನ ಒರೆಸಿ ನೋಡಿಕೊಳ್ಳುವ ಜನ ಇದ್ದರು ಅಲ್ವಾ?

ಚಕ್ರ ಇಳಿಸಿದ್ದರೆ ಟೈರಿನ ತಳ ಸ್ವಲ್ಪ ಚಪ್ಪಟೆ ಇರಲಿ, ಹಾರುತ್ತಿದ್ದರೆ ಚಕ್ರದ ಬಾಗಿಲು ಮುಚ್ಚಿ ಒಳಗೆ ಪೈಲಟ್ ಕೂರಿಸಿ. ಮೂಲ ಫೈಲನ್ನು ಲೇಯರ್ ಸಮೇತ ಬೇರೆ ಕಡೆ ಇಟ್ಟುಕೊಂಡು, ಹಂಚೋಕೆ ಪಿಎನ್‌ಜಿ ಮಾಡಿ.

ಬಲಗಡೆಯ ನೋಟ ಬೇಕು ಅಂತ ಯಾರಾದರೂ ಕೇಳಿದರೆ ಎಡಗಡೆಯದನ್ನೇ ತಿರುಗಿಸಿ ಕೊಡಬೇಡಿ. ಅಕ್ಷರ ಉಲ್ಟಾ ಆಗುವುದು ಎಲ್ಲರಿಗೂ ಕಾಣುತ್ತದೆ, ಅದನ್ನು ಸರಿ ಮಾಡಿಬಿಡುತ್ತೀರಿ. ಆದರೆ ಕ್ಯಾಮೊಫ್ಲಾಜ್ ಪಟ್ಟೆಗಳು ಬೆನ್ನಿನ ಮೇಲೆ ಹಾದು ಆ ಕಡೆ ಬೇರೆಯದೇ ಆಕಾರದಲ್ಲಿ ಇಳಿದಿರುತ್ತವೆ, ಚಿಕ್ಕ ಬಾಗಿಲುಗಳ ಜಾಗವೂ ಬೇರೆ. ಆ ಕಡೆಯ ಫೋಟೊ ಸಿಗುವ ತನಕ ಎಡಗಡೆಯದೊಂದೇ ಇರಲಿ.